ಎದ್ದು ಬಂದರೆ ಕರೆಯದ ಊರು

ಗೌಡರು ಸ್ಟೂಲಿನಿಂದ ಎದ್ದರು. ಹೆಗಲ ಮೇಲಿನ ಟವೆಲನ್ನು ಕೊಡವಿದರು, ಮತ್ತೆ ಹೆಗಲಿಗೆ ಹಾಕಿಕೊಂಡರು, ಅಂಗಡಿಯ ಮುದುಕನ ಕಡೆ ನೋಡದೆ ಬಾಗಿಲು ದಾಟಿದರು. ನನಗೆ ಅಲ್ಲೇ ಹಣೆ ಚಚ್ಚಿಕೊಳ್ಳಬೇಕೆನಿಸಿತು. ನಾವು ಶಾಂಘಾಯಿಗೆ ಬಂದಿಳಿದು ಇನ್ನೂ ಒಂದು ದಿನ ಕಳೆದಿರಲಿಲ್ಲ, ಹಡಗಿನ ಓಲಾಟ ಕಾಲಿನಿಂದ ಬಿಟ್ಟಿರಲಿಲ್ಲ. ಬೆಳಗಿನಿಂದ ಬೀದಿ ಬೀದಿ ಅಲೆದು ಸಿಕ್ಕಿದ್ದ ಒಂದೇ ಒಂದು ಒಳ್ಳೆಯ ಮಾಲು ಆ ಅಂಗಡಿಯಲ್ಲಿತ್ತು. ಅದನ್ನು ಮುದುಕನ ಮುಂದೆಯೇ ಬಿಟ್ಟು ಇವರು ಹೊರಟಿದ್ದರು.

"ಬಾ ಮೇಸ್ತ್ರಿ, ಇಂದಕ್ಕೆ ತಿರುಗಿ ನೋಡ್ಬೇಡ. ಈಗ ಕರೀತಾನೆ ನೋಡು" ಅಂದರು.

ಮಳವಳ್ಳಿಯಲ್ಲಿ ಗೌಡರ ಈ ನಡಿಗೆ ಎಲ್ಲರಿಗೂ ಗೊತ್ತಿತ್ತು. ಹಲಗೂರಿನ ಕಡೆಯಿಂದ ರೇಷ್ಮೆಗೂಡು ತರುವವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳುತ್ತಿದ್ದರು. ಒಪ್ಪದಿದ್ದರೆ ಟವೆಲು ಕೊಡವಿ ಎದ್ದು, ಅವಸರವಿಲ್ಲದೆ ನಡೆದು, ಬೀಡಿ ಹಚ್ಚುವ ನೆಪದಲ್ಲಿ ಬೇವಿನ ಮರದ ಹತ್ತಿರ ನಿಲ್ಲುತ್ತಿದ್ದರು. ಬೀಡಿಗೆ ಬೆಂಕಿ ತಗಲುವುದರೊಳಗೆ ಹಿಂದಿನಿಂದ "ಬನ್ನಿ ಗೌಡ್ರೇ, ಅದ್ಯಾಕಂಗೆ ಓಯ್ತೀರಿ" ಅಂತ ಕೂಗು ಬರುತ್ತಿತ್ತು. ಎತ್ತು ಕೊಳ್ಳಲಿ, ಸೌದೆ ಕೊಳ್ಳಲಿ, ಮಗಳ ಮದುವೆಗೆ ಪಾತ್ರೆ ಕೊಳ್ಳಲಿ, ಅವರ ವ್ಯಾಪಾರ ಕುದುರುತ್ತಿದ್ದದ್ದು ಬೆನ್ನು ತಿರುಗಿಸಿದ ಮೇಲೆಯೇ.

ಶಾಂಘಾಯಿಯಲ್ಲಿ ಯಾರೂ ಕರೆಯಲಿಲ್ಲ. ಗೌಡರು ಬೀದಿಯ ಮೂಲೆಯಲ್ಲಿ ನಿಂತು ಬೀಡಿ ಹಚ್ಚಿದರು. ಅದು ಮುಗಿಯಿತು. ಇನ್ನೊಂದು ಹಚ್ಚಿದರು. ಸೈಕಲ್ ರಿಕ್ಷಾದವರು ನಮ್ಮನ್ನು ಬೈದುಕೊಂಡು ಪಕ್ಕದಲ್ಲೇ ಹಾದುಹೋದರು. ನಮ್ಮ ಜೊತೆ ದುಭಾಷಿಯಾಗಿ ಬಂದಿದ್ದ ಸರದಾರಜಿ ಗಡ್ಡ ನೀವಿಕೊಂಡು ನನ್ನ ಮುಖ ನೋಡಿದರು.

"ನಿಮ್ಮ ಯಜಮಾನರಿಗೆ ಹೊಟ್ಟೆನೋವೇ?" ಅಂತ ಹಿಂದೂಸ್ತಾನಿಯಲ್ಲಿ ಕೇಳಿದರು.

ಯುದ್ಧ ಮುಗಿದ ಮಾರನೆಯ ವರ್ಷ ಅದು. ಗೌಡರದು ಮಳವಳ್ಳಿಯಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಕಾರ್ಖಾನೆ. ನಾನು ಅಲ್ಲಿ ಮೇಸ್ತ್ರಿ. ಬಿಸಿನೀರಿನ ಬೋಗುಣಿಯಲ್ಲಿ ಬೇಯುವ ಗೂಡುಗಳಿಂದ ಹೆಂಗಸರು ಎಳೆ ಹಿಡಿದು, ಕೆಲವು ಎಳೆಗಳನ್ನು ಒಟ್ಟು ಸೇರಿಸಿ, ಒಂದು ಪಿಂಗಾಣಿ ಗುಂಡಿಯ ತೂತಿನ ಮೂಲಕ ಮೇಲಕ್ಕೆ ಎಳೆಯುತ್ತಾರೆ. ಗುಂಡಿ ಅಂದರೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ನಡುವೆ ಸೂಜಿಯ ಮೊನೆಯಷ್ಟು ತೂತು. ಎಳೆಗಳು ಒಂದಾಗುವುದು, ನೀರು ಬಸಿಯುವುದು, ಗಂಟು ಬಂದರೆ ತಡೆದು ನಿಲ್ಲುವುದು, ಎಲ್ಲ ಆ ತೂತಿನಲ್ಲೇ. ಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಬಿಡುವಿಲ್ಲದೆ ನೂಲು ಎಳೆದಿದ್ದೆವು. ಅಷ್ಟು ಮೆದುವಾದ ರೇಷ್ಮೆಯೇ ಪಿಂಗಾಣಿಯನ್ನು ತಿಂದು ತೂತುಗಳನ್ನು ಅಗಲ ಮಾಡಿತ್ತು. ಮೊದಲು ಜಪಾನಿನಿಂದ ಬರುತ್ತಿದ್ದ ಗುಂಡಿಗಳು ನಿಂತುಹೋಗಿದ್ದವು. ನಾನು ಹಿತ್ತಾಳೆಯಲ್ಲಿ ಮಾಡಿ ನೋಡಿದೆ. ಕೆಲವೇ ದಿನಕ್ಕೆ ನೂಲು ಅದರಲ್ಲಿ ಗೀರು ಕೊರೆಯಿತು. ಗಾಜಿನಲ್ಲಿ ಮಾಡಿಸಿದೆ, ಅದು ನೂಲನ್ನೇ ಕತ್ತರಿಸಿತು.

ನಮ್ಮ ನೂಲು ಕೊಳ್ಳುತ್ತಿದ್ದ ಮುಂಬಯಿ ಸಾಹುಕಾರರು ಒಂದು ಮಾತು ಹೇಳಿ ಕಳಿಸಿದರು. ದಪ್ಪ ಸಣ್ಣ ಇರುವ ಈ ನೂಲು ಇನ್ನು ಬೇಡ, ಹೊಸ ಬೆಳೆಯ ಗೂಡಿಗೆ ಒಂದೇ ಸಮನಾದ ನೂಲು ಕೊಟ್ಟರೆ ಸರಿ, ಇಲ್ಲದಿದ್ದರೆ ನಮಸ್ಕಾರ. ಶಾಂಘಾಯಿಯಲ್ಲಿ ಯುದ್ಧಕ್ಕೆ ಸಿಕ್ಕು ಹಾಳಾದ ರೇಷ್ಮೆ ಕಾರ್ಖಾನೆಗಳ ಸಾಮಾನು ಬಿಡಿಬಿಡಿಯಾಗಿ ಮಾರಾಟಕ್ಕಿದೆ, ತಮ್ಮ ಜನರ ಕೈಯಲ್ಲಿ ತರಿಸಿಕೊಡುತ್ತೇನೆ ಅಂತಲೂ ಅವರೇ ಹೇಳಿದ್ದರು. ಗೌಡರು ಕೇಳಲಿಲ್ಲ. "ಕಂಡೋರ ಕೈಲಿ ಯಾಪಾರ ಮಾಡ್ಸುದ್ರೆ ಉದ್ಧಾರ ಆದಂಗೇಯ. ನಾನೇ ಓಯ್ತೀನಿ" ಅಂದರು. ಮಾಲು ಪರೀಕ್ಷೆ ಮಾಡಲು ನಾನು ಬೇಕು, ಜೊತೆಗೆ ನನ್ನ ಮನೆಮಾತು ಉರ್ದು, ಹಡಗಿನಲ್ಲಿ ಬಂದರಿನಲ್ಲಿ ಮಾತಿಗೆ ಅನುಕೂಲ. ಸಾಹುಕಾರರು ಬೈದುಕೊಂಡೇ ಇಬ್ಬರಿಗೂ ಹಡಗಿನಲ್ಲಿ ಜಾಗ ಮಾಡಿಸಿದರು.

ಮದ್ದೂರಿಗೆ ಹೋಗಿ ರೈಲು ಹಿಡಿಯಲು ನಾವು ಇದ್ದಿಲು ಗ್ಯಾಸಿನ ಬಸ್ಸು ಹತ್ತಿದ ದಿನ ನೂಲು ತೆಗೆಯುವ ಹೆಂಗಸರೆಲ್ಲ ಬಂದು ನಿಂತಿದ್ದರು. ಮಂಡ್ಯದ ಕಡೆ ಕಬ್ಬಿನ ಕೂಲಿಗೆ ಕರೆ ಬಂದಿದ್ದರೂ ಅವರು ಹೋಗಿರಲಿಲ್ಲ. "ನಾ ಬರಾಗಂಟ ಇರ್ರಮ್ಮಿ" ಅಂತ ಗೌಡರು ಹೇಳಿದ್ದಕ್ಕೆ ಉಳಿದಿದ್ದರು. ಅವರಲ್ಲಿ ಹಿರಿಯವಳು, ಬೋಗುಣಿಯ ಬಿಸಿನೀರಿಗೆ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವಳು, ಬಸ್ಸಿನ ಕಿಟಕಿಯ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು.

"ಮೇಸ್ತ್ರಿ, ಗೌಡ್ರು ಅಲ್ಲೂ ಎದ್ದು ಬಂದ್ಬುಟ್ಟಾರು ಕಣಪ್ಪ. ನೀನು ಎದ್ದು ಬರಾಕೆ ಬುಡ್ಬೇಡ" ಅಂದಳು.

ಆಗ ನಕ್ಕಿದ್ದೆ.

ಶಾಂಘಾಯಿಯಲ್ಲಿ ನಾವು ಗುರುದ್ವಾರದಲ್ಲಿ ಉಳಿದುಕೊಂಡೆವು. ಅಲ್ಲಿಯೇ ಸಿಕ್ಕಿದವರು ಈ ಸರದಾರಜಿ. ಗೋದಾಮುಗಳ ಕಾವಲು ಕಾಯುತ್ತ ಆ ಊರಿನಲ್ಲಿಯೇ ಮುದುಕರಾದವರು. ಬಂದ ಮೊದಲ ಬೆಳಿಗ್ಗೆಯೇ ಗೌಡರು ನಮ್ಮ ರೂಪಾಯಿಯನ್ನೆಲ್ಲ ಚೀನಾ ನೋಟಿಗೆ ಬದಲಾಯಿಸಿಬಿಟ್ಟಿದ್ದರು. ಸರಾಫನ ಹತ್ತಿರ ಚೌಕಾಸಿ ಮಾಡಿ, ಹಿಟ್ಟಿನ ಚೀಲದ ತುಂಬ ನೋಟು ತುಂಬಿಕೊಂಡು, ಅದನ್ನು ಹೆಗಲ ಮೇಲೆ ಹೊತ್ತು ಬರುವಾಗ ಅವರ ಗತ್ತು ನೋಡಬೇಕಿತ್ತು. ಸರದಾರಜಿ ಮಾತ್ರ "ಎಲ್ಲವನ್ನೂ ಒಟ್ಟಿಗೇ?" ಅಂತ ಕೇಳಿ ತಲೆ ಅಲ್ಲಾಡಿಸಿದರು. ಅವರು ಹಾಗೆ ತಲೆ ಅಲ್ಲಾಡಿಸಿದ್ದು ಯಾಕೆಂದು ನಮಗೆ ಮಾರನೆಯ ದಿನ ತಿಳಿಯಿತು.

ಮುದುಕನ ಅಂಗಡಿ ಕಾಲುವೆಯ ಆಚೆ, ಹಳೆಯ ಕಬ್ಬಿಣದ ಸಾಮಾನಿನ ಬೀದಿಯಲ್ಲಿತ್ತು. ಗುಂಡಿಗಳು ಎರಡು ಮರದ ಡಬ್ಬಿಗಳಲ್ಲಿ ಹೊಟ್ಟಿನ ನಡುವೆ ಇದ್ದವು. ನಾನು ಒಂದೊಂದನ್ನೇ ತೆಗೆದು ನೋಡಿದೆ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ತುಟಿಯ ಮೇಲೆ ಎಳೆದರೆ ಅಂಚು ಕೆರೆಯಬಾರದು. ಊರಿನಿಂದ ತಂದಿದ್ದ ನಮ್ಮ ನೂಲನ್ನೇ ಪೋಣಿಸಿ ಎಳೆದರೆ ಜಾರಬೇಕು, ಆದರೆ ಬೇಕೆಂದೇ ಹಾಕಿದ ಗಂಟು ನಿಲ್ಲಬೇಕು. ಎಲ್ಲ ಸರಿಯಾಗಿತ್ತು. ಎರಡು ಡಬ್ಬಿ ಸಿಕ್ಕರೆ ನಮ್ಮ ಎಲ್ಲ ಬೋಗುಣಿಗೂ ಸಾಕು, ಮುಂದಕ್ಕೂ ಒಂದಿಷ್ಟು ಉಳಿಯುತ್ತದೆ. ಒಂದೇ ಡಬ್ಬಿಯಾದರೆ ಅರ್ಧ ಹೆಂಗಸರಿಗೆ ಕೆಲಸವಿಲ್ಲ. ಮುದುಕ ಮಣಿಗಳ ಲೆಕ್ಕದ ಚೌಕಟ್ಟನ್ನು ಟಕಟಕ ಅನ್ನಿಸಿ ಬೆಲೆ ಹೇಳಿದ. ನಮ್ಮ ಚೀಲದಲ್ಲಿದ್ದದ್ದು ಅದಕ್ಕೆ ಸಾಕಾಗಿ ಮಿಗುತ್ತಿತ್ತು. ಆಗಲೇ ಕೊಟ್ಟು ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗೌಡರು ಅರ್ಧಕ್ಕೆ ಕೇಳಿದರು. ಸಾಲದ್ದಕ್ಕೆ ಬೆಲೆ ಇತ್ಯರ್ಥವಾಗುವ ಮೊದಲೇ ಕೊಸರು ಕೇಳಿದರು.

"ಕೊಸರು ಅಂದರೇನು?" ಅಂತ ಸರದಾರಜಿ ಕೇಳಿದರು. ಕೊಂಡ ಮಾಲಿನ ಮೇಲೆ ಅಂಗಡಿಯವನು ಸುಮ್ಮನೆ ಹಾಕಿಕೊಡುವ ಒಂದಿಷ್ಟು ಅಂತ ಹೇಳಿದೆ. ಅವರು ಚೀನೀ ಭಾಷೆಯಲ್ಲಿ ಏನು ಹೇಳಿದರೋ, ಮುದುಕ ಗೌಡರ ಕಡೆ ನೋಡಿ ಅಂಗೈಯನ್ನು ಅಡ್ಡಡ್ಡ ಆಡಿಸಿದ. ಗೌಡರು ಎದ್ದರು. ಟವೆಲು ಕೊಡವಿದರು.

ಮಾರನೆಯ ಬೆಳಿಗ್ಗೆ ನಾವಾಗಿಯೇ ತಿರುಗಿ ಹೋದೆವು. ಮುದುಕ ಮತ್ತೆ ಮಣಿ ಟಕಟಕ ಅನ್ನಿಸಿದ. ಬೆಲೆ ಏರಿತ್ತು.

"ಎಂಗೆ? ನೆನ್ನೆ ಏಳಿದ್ದು ಒಂದು, ಇವತ್ತೊಂದಾ? ಇದ್ಯಾವ ನ್ಯಾಯ, ಕೇಳು ಮೇಸ್ತ್ರಿ!"

ಸರದಾರಜಿ ಕೇಳಿ ಹೇಳಿದರು. ಗುಂಡಿಯ ಬೆಲೆ ಏರಿಲ್ಲವಂತೆ, ನೋಟು ಇಳಿದಿದೆಯಂತೆ. ಅಕ್ಕಿ ಅಂಗಡಿಯವನು ಬೆಳಿಗ್ಗೆ ಬರೆದ ಬೆಲೆಯನ್ನು ಮಧ್ಯಾಹ್ನ ಅಳಿಸಿ ಬರೆಯುತ್ತಾನೆ, ಹಾಗಾಗಿ ಇವನೂ ಅಳಿಸಿ ಬರೆಯುತ್ತಾನೆ. ಈ ಊರಿನಲ್ಲಿ ಕೈಯಲ್ಲಿ ನೋಟು ಬಂದ ಕೂಡಲೇ ಜನ ಓಡಿಹೋಗಿ ಏನಾದರೂ ಕೊಂಡುಬಿಡುತ್ತಾರೆ, ನಾಳೆ ನೋಡೋಣ ಅನ್ನುವವರು ಯಾರೂ ಇಲ್ಲ.

ನನಗೆ ಅರ್ಥವಾಯಿತು. ಗೌಡರಿಗೂ ಅರ್ಥವಾಗಲಿ ಅಂತ ಹೇಳಿದೆ: "ಗೌಡ್ರೇ, ಚೀಲದಾಗಿರೋ ಕಾಸು ಕರಗ್ತಾ ಅದೆ. ಇವತ್ತೇ ತಕ್ಕೊಂಬುಡನ. ಇನ್ನೂ ಎಲ್ಡು ಡಬ್ಬಿಗೆ ಸಾಲ್ತದೆ."

"ಸುಮ್ಕಿರು. ನಮ್ಗೆ ಅರ್ಜೆಂಟು ಅಂತ ಗೊತ್ತಾಗೋಯ್ತು ಅವ್ನಿಗೆ, ಅದ್ಕೇ ಏರಿಸವ್ನೆ. ಇವತ್ತು ಬಿಗಿಯಾಗಿ ಎದ್ದೋದ್ರೆ ನಾಳೀಕೆ ದಾರಿಗೆ ಬತ್ತಾನೆ."

ಮತ್ತೆ ಎದ್ದರು. ನಾನು ಅಂಗಿ ಹಿಡಿದು ಕೂರಿಸಲು ನೋಡಿದೆ. ಬಸ್ಸಿನ ಹತ್ತಿರ ಹಿರಿಯವಳು ಹೇಳಿದ್ದ ಮಾತು ಕಿವಿಯಲ್ಲಿತ್ತು. ಆದರೆ ಅವರು ಯಜಮಾನರು, ವಯಸ್ಸಿನಲ್ಲಿ ಹಿರಿಯರು. ಅಂಗಿ ಹರಿಯುವಷ್ಟು ಎಳೆಯಲಾದೀತೇ. ಬೀದಿಯಲ್ಲಿ ಮಾತ್ರ ಬಾಯಿಗೆ ಬಂದಂತೆ ಕೂಗಾಡಿದೆ. ಅವರೂ ಕೂಗಾಡಿದರು. ಕಂಬಳಿ ಹೊದ್ದ ಒಬ್ಬರು, ಕೋಟು ತೊಟ್ಟ ಒಬ್ಬರು, ಚೀನಾದ ಚಳಿಯಲ್ಲಿ ಮಳವಳ್ಳಿ ಜಗಳ ಆಡುವುದನ್ನು ನೋಡಲು ಜನ ಸೇರಿದರು. ಅಲ್ಲಿಯೂ ಗೌಡರು ಓರೆಗಣ್ಣಿನಲ್ಲಿ ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದರು. ಬಾಗಿಲಿಗೆ ಬಂದು ನಿಂತದ್ದು ಮುದುಕನಲ್ಲ, ಅವನ ಬೆಕ್ಕು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬೇರೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಗೌಡರು ನನ್ನನ್ನು ಊರೆಲ್ಲ ಎಳೆದಾಡಿದರು. ಒಂದು ಕಡೆ ತೂತು ಮೊಟ್ಟೆಯಾಕಾರ. ಇನ್ನೊಂದು ಕಡೆ ಬಿರುಕಿಗೆ ಮೇಣ ಮೆತ್ತಿ ಮುಚ್ಚಿದ್ದರು. ನಾನು ಬಿಸಿ ಚಹಾದಲ್ಲಿ ಗುಂಡಿಯನ್ನು ಅದ್ದಿದಾಗ ಮೇಣ ತೇಲಿ ಬಂತು. ಮತ್ತೊಬ್ಬನು ನಿಜವಾದ ಅಂಗಿಯ ಗುಂಡಿಯನ್ನೇ ತಂದು ತೋರಿಸಿದ. ಪ್ರತಿಯೊಂದು ಕಡೆಯೂ ಗೌಡರು ಅರ್ಧ ಬೆಲೆ ಕೇಳಿ, ಕೊಸರು ಕೇಳಿ, ಎದ್ದು ಬಂದರು, ಕೊಳ್ಳುವುದಿಲ್ಲವೆಂದು ತೀರ್ಮಾನವಾಗಿದ್ದ ಅಂಗಡಿಯಲ್ಲೂ. ಅಭ್ಯಾಸಬಲ ಅಂದರೆ ಅದು. ಚೀಲದ ನೋಟನ್ನು ತಿರುಗಿ ರೂಪಾಯಿ ಮಾಡೋಣವೆಂದು ಸರಾಫನ ಹತ್ತಿರ ಹೋದರೆ ಅವನು ನಕ್ಕುಬಿಟ್ಟ. ರಾತ್ರಿ ಹುರಿಹಿಟ್ಟು ಕಲಸಿಕೊಂಡು ತಿನ್ನುತ್ತ ಗೌಡರು "ಇದೆಂತಾ ಊರ್ಲಾ. ಮನ್ಸ ಎದ್ದೋದ್ರೆ ಯಾಕೋದ ಅಂತ ಕೇಳೋರಿಲ್ಲ" ಅಂದರು. ಅವರ ದನಿ ಇಳಿದಿತ್ತು. ನನಗೆ ಪಾಪ ಅನ್ನಿಸಿತು, ಆದರೆ ಸಿಟ್ಟು ಇಳಿದಿರಲಿಲ್ಲ.

ಹಡಗು ಹೊರಡುವ ದಿನ ಬಂದೇ ಬಂತು. ಸಂಜೆಯೊಳಗೆ ಬಂದರಿನಲ್ಲಿರಬೇಕು. ಬೆಳಿಗ್ಗೆ ಮುದುಕನ ಅಂಗಡಿಗೆ ಹೋಗಿ, ಈ ಸಲ ಗೌಡರು ಏಳದಂತೆ ನಾನೇ ಅವರ ಸ್ಟೂಲಿನ ಮುಂದೆ ಕುಕ್ಕರಿಸಿ, ಚೀಲವನ್ನು ಅವನ ಮುಂದೆ ಸುರಿದೆ. ಮುದುಕ ನೋಟಿನ ಕಟ್ಟುಗಳನ್ನು ಎತ್ತಿ ಎತ್ತಿ ಪಕ್ಕಕ್ಕಿಟ್ಟ. ಕೊನೆಗೆ ಒಂದು ಡಬ್ಬಿಯನ್ನು ನಮ್ಮ ಕಡೆ ತಳ್ಳಿದ. ಎರಡನೆಯದರ ಮೇಲೆ ತನ್ನ ಕೈಯಿಟ್ಟುಕೊಂಡ.

"ಇದಕ್ಕೆ ಕಾಗದ ಬೇಡವಂತೆ. ಬೆಳ್ಳಿ ಇದ್ದರೆ ಕೊಡಿ ಅನ್ನುತ್ತಾನೆ" ಅಂದರು ಸರದಾರಜಿ.

ನಮ್ಮಲ್ಲಿ ಬೆಳ್ಳಿ ಎಲ್ಲಿತ್ತು? ಗೌಡರು ಒಂದೇ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎದ್ದು ಹೋಗುವ ಗತ್ತೂ ಅವರಲ್ಲಿ ಉಳಿದಿರಲಿಲ್ಲ. ಯಾರಿಗೆ ಕೆಲಸ ಕೊಡುವುದು, ಯಾರನ್ನು ಕಬ್ಬಿನ ಕೂಲಿಗೆ ಕಳಿಸುವುದು ಅಂತ ಹೆಸರು ಹೆಸರಾಗಿ ಗೊಣಗಲು ಶುರುಮಾಡಿದರು. ಬಸ್ಸಿನ ಹತ್ತಿರ ಬಂದಿದ್ದ ಹಿರಿಯವಳ ಹೆಸರು ಬಂದಾಗ ಅವರ ಬಾಯಿ ನಿಂತುಹೋಯಿತು.

ಬೆಳ್ಳಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಹಡಗಿನಲ್ಲಿ ಸ್ನಾನ ಮಾಡುವಾಗ ನೋಡಿದ್ದೆ. ಗೌಡರ ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇತ್ತು, ಬೆರಳಿನಷ್ಟು ದಪ್ಪ ಹೆಣೆದದ್ದು. ಅವರಪ್ಪ ಮದುವೆಯಲ್ಲಿ ಮಾಡಿಸಿ ಹಾಕಿದ್ದಂತೆ. ನಾನು ಹುಟ್ಟಿ ಬೆಳೆದದ್ದು ಮಳವಳ್ಳಿಯಲ್ಲಿ, ನಮ್ಮ ಜನ ಬೇರೆಯಾದರೂ ಅವರ ಪದ್ಧತಿ ನನಗೆ ತಿಳಿದದ್ದೇ. ಗಂಡಸಿನ ಸೊಂಟ ಬರಿದಾಗಿ ಇರಕೂಡದು. ಉಡಿದಾರ ತೆಗೆಯುವುದು ಹೆಣದ ಮೈಯಿಂದ ಮಾತ್ರ. ಅದರ ಮಾತನ್ನು ಬೇರೆಯವರು ಎತ್ತುವಂತೆಯೇ ಇಲ್ಲ. ಅಷ್ಟೆಲ್ಲ ಗೊತ್ತಿದ್ದೂ ನಾನು ಎತ್ತಿದೆ. ಇವರ ಮೇಲಿನ ಅಷ್ಟು ದಿನದ ಸಿಟ್ಟು ಧೈರ್ಯ ಕೊಟ್ಟಿತೋ ಏನೋ.

"ಗೌಡ್ರೇ, ಬೈಬ್ಯಾಡಿ. ನಿಮ್ಮ ಸೊಂಟದಾಗೆ ಉಡ್ದಾರ ಅದಲ್ಲಾ..."

ಗೌಡರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ.

"ನಾನಿನ್ನೂ ಸತ್ತಿಲ್ಲ ಕಣ್ಲಾ" ಅಂದರು.

"ಗೊತ್ತು ಗೌಡ್ರೇ. ಅಲ್ಲಿ ಅಷ್ಟು ಜನ ಹೆಂಗಸ್ರು ಕಾಯ್ತಾ ಅವ್ರೆ. ಅವ್ರು ಏನು ಮಾಡ್ತಾರೆ?"

ಮುದುಕ ನಮ್ಮಿಬ್ಬರನ್ನೂ ನೋಡುತ್ತಿದ್ದ. ಆಮೇಲೆ ಗೌಡರು ಸರದಾರಜಿಯ ಕಡೆ ತಿರುಗಿ, ಅವರಿಗೆ ಕನ್ನಡ ಬರುವುದಿಲ್ಲ ಅನ್ನುವುದನ್ನೂ ಮರೆತು, "ಒಂದು ದಾರ ಕೊಡಾಕೆ ಏಳಿ. ಮೊದ್ಲು ದಾರ. ಆಮ್ಯಾಕೆ ಇದು" ಅಂದರು.

ನಾನು ಹಿಂದೂಸ್ತಾನಿಯಲ್ಲಿ ವಿವರಿಸಿದೆ, ಸರದಾರಜಿ ಚೀನೀ ಭಾಷೆಯಲ್ಲಿ ವಿವರಿಸಿದರು. ಬದುಕಿರುವ ಗಂಡಸು ಒಂದು ಗಳಿಗೆಯೂ ಸೊಂಟದಲ್ಲಿ ದಾರವಿಲ್ಲದೆ ಇರುವುದಿಲ್ಲ, ಒಂದನ್ನು ಕಟ್ಟಿಕೊಂಡ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು ಅಂತ. ಮುದುಕ ಪೂರ್ತಿ ಕೇಳಿಸಿಕೊಂಡ. ಒಳಗೆ ಹೋಗಿ ಹಸಿ ರೇಷ್ಮೆಯ ಒಂದು ಲಡಿ ತಂದ. ಪ್ಯಾಂಟನ್ನು ಮೇಲಕ್ಕೆ ಮಡಿಚಿ, ಬರಿಯ ತೊಡೆಯ ಮೇಲೆ ಎಳೆಗಳನ್ನಿಟ್ಟು ಅಂಗೈಯಿಂದ ಹೊಸೆದ. ನಮ್ಮ ಹೆಂಗಸರು ಹೊಸೆಯುವುದೂ ಹಾಗೆಯೇ. ಹೊಸೆದ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಗೌಡರು ಗೋಡೆಯ ಕಡೆ ತಿರುಗಿದರು. ಕಂಬಳಿಯ ಒಳಗೆ ಅವರ ಕೈ ತುಂಬ ಹೊತ್ತು ಆಡಿತು. ತಿರುಗಿದಾಗ ಬೆಳ್ಳಿ ಅವರ ಮುಷ್ಟಿಯಲ್ಲಿತ್ತು.

ಅಷ್ಟಾದ ಮೇಲಾದರೂ ಅದನ್ನು ಮುದುಕನ ಕೈಗೆ ಹಾಕಿ ಮುಗಿಸಬಹುದಿತ್ತಲ್ಲ? ಇಲ್ಲ. ಗೌಡರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಸರದಾರಜಿಯನ್ನೂ ನನ್ನನ್ನೂ ಆಚೆ ಸರಿಯಲು ಹೇಳಿದರು. ತಮ್ಮ ಟವೆಲನ್ನು ಮುದುಕನ ಕೈಯ ಮೇಲೆ ಹರಡಿ, ಅದರ ಕೆಳಗೆ ಅವನ ಬೆರಳು ಹಿಡಿದರು, ದನದ ವ್ಯಾಪಾರದಲ್ಲಿ ಬೆರಳೆಣಿಸಿ ಗುಟ್ಟಾಗಿ ಬೆಲೆ ಹೇಳಲು ಹಿಡಿಯುವ ಹಾಗೆ. ಮುದುಕ ಬೆಚ್ಚಿ ಕೈ ಎಳೆದುಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. ಇಲ್ಲಿಯೂ ಹಳೆಯ ಕಾಲದವರು ಅಂಗಿಯ ತೋಳಿನೊಳಗೆ ಹೀಗೆಯೇ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು ಅಂತ ಸರದಾರಜಿ ನನ್ನ ಕಿವಿಯಲ್ಲಿ ಹೇಳಿದರು. ಟವೆಲು ಅಲುಗಾಡಿತು. ಮುದುಕ ಹೂಂಕರಿಸಿದ, ಗೌಡರು ಹೂಂಕರಿಸಿದರು. ಹಡಗಿನ ಹೊತ್ತು ಮೀರುತ್ತಿದೆ ಅಂತ ನಾನು ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಕೊನೆಗೆ ಇಬ್ಬರೂ ಒಂದೇ ಸಲ ಕೈ ಬಿಟ್ಟರು. ಎರಡನೆಯ ಡಬ್ಬಿ ಪೂರ್ತಿ ನಮ್ಮದು, ಜೊತೆಗೆ ನೋಟಿನ ಕೆಲವು ಕಟ್ಟೂ ವಾಪಸ್ಸು. ಅದರಲ್ಲಿ ಬಂದರಿನವರೆಗೆ ರಿಕ್ಷಾ ಆಗುತ್ತಿತ್ತು.

"ಕೊಸರು?" ಅಂದರು ಗೌಡರು.

ಮುದುಕ ಅಂಗೈಯನ್ನು ಅಡ್ಡಡ್ಡ ಆಡಿಸಿದ. ಗೌಡರ ಮುಷ್ಟಿಯಿಂದ ಉಡಿದಾರವನ್ನು ಈಸಿಕೊಂಡು, ತಕ್ಕಡಿಕೋಲು ತೆಗೆದು ತೂಗಲು ಕೂತ.

ನಾನು ಎರಡೂ ಡಬ್ಬಿ ಬಗಲಿಗೆ ಇರುಕಿಕೊಂಡು, ಗೌಡರ ರಟ್ಟೆ ಹಿಡಿದು, ಹೊರಗೆ ದಬ್ಬಿಕೊಂಡು ಬಂದೆ, ಸರದಾರಜಿ ಹಿಂದೆಯೇ ಬಂದರು. ಬೀದಿಯಲ್ಲಿ ಅವರ ನಡಿಗೆ ಬೇರೆಯಾಗಿತ್ತು. ಒಂದು ಕೈ ಸೊಂಟದ ಮೇಲೆಯೇ ಇತ್ತು. ಬೀದಿಯ ಮೂಲೆ ತಲುಪಿದೆವು, ಅವರು ಮೊದಲ ದಿನ ಬೀಡಿ ಹಚ್ಚಿಕೊಂಡು ನಿಂತಿದ್ದ ಮೂಲೆ. ಹಿಂದಿನಿಂದ ಯಾರೋ ಕೂಗಿದರು.

ಗೌಡರು ಗಕ್ಕನೆ ನಿಂತರು. ತಿರುಗಲಿಲ್ಲ. "ಮೇಸ್ತ್ರಿ, ನಮ್ಮುನ್ನೇನ್ಲಾ?" ಅಂತ ಮೆಲ್ಲಗೆ ಕೇಳಿದರು.

ನಾನು ತಿರುಗಿ ನೋಡಿದೆ. ಮುದುಕ ಬರಿಗಾಲಿನಲ್ಲಿ ಓಡಿಬರುತ್ತಿದ್ದ, ಕೈ ಎತ್ತಿ ಕೂಗುತ್ತ. ಬಂದವನು ಏದುಸಿರು ಬಿಡುತ್ತ ಗೌಡರ ಅಂಗೈ ಬಿಡಿಸಿ ಅದರಲ್ಲಿ ಏನೋ ಇಟ್ಟು, ಬೆರಳುಗಳನ್ನು ಮಡಚಿದ. ಉಡಿದಾರದ ತುದಿಯ ಬೆಳ್ಳಿಯ ಕೊಂಡಿ ಅದು, ಗೌಡರ ಅಪ್ಪ ಹಾಕಿಸಿದ್ದರಲ್ಲಿ ಅದೊಂದನ್ನು ಕತ್ತರಿಸಿ ತಂದಿದ್ದ.

ಮುದುಕ ಹೇಳಿದ್ದನ್ನು ಸರದಾರಜಿ ಹೇಳಿದರು: "ಬಂದಾಗೆಲ್ಲ ಕೇಳುತ್ತಿದ್ದಿರಲ್ಲ, ಮೇಲೆ ಒಂದಿಷ್ಟು ಅಂತ. ಅದಂತೆ ಇದು."

ಗೌಡರ ಕಣ್ಣು ತುಂಬಿದ್ದವು. ನನ್ನವೂ. ಆದರೆ ಅವರು ನನಗೆ ಅಂದದ್ದೇನು ಗೊತ್ತೇ? "ನೋಡ್ದಾ? ಕರದ. ನಾ ಏಳ್ನಿಲ್ವಾ, ಕರೀತಾರೆ ಅಂತ?" ಅಂದರು. ಎರಡೂ ಡಬ್ಬಿಯನ್ನು ಅವರ ತಲೆಗೆ ಕುಕ್ಕುವಷ್ಟು ಸಿಟ್ಟು ಬಂತು ನನಗೆ.

ಮಳವಳ್ಳಿಗೆ ಬಂದು ಗುಂಡಿಗಳನ್ನೆಲ್ಲ ಕೂರಿಸಿದೆ. ಹೊಸ ಗೂಡು ಬೋಗುಣಿಗೆ ಬಿತ್ತು. ಹಿರಿಯವಳು ಮೊದಲ ಎಳೆ ಎಳೆದು, ಬೆರಳಿನಲ್ಲಿ ಉಜ್ಜಿ ನೋಡಿ, ನನ್ನ ಕಡೆ ತಲೆಯಾಡಿಸಿದಳು. ನೂಲು ಒಂದೇ ಸಮ ಬರುತ್ತಿತ್ತು. ಒಂದು ಬೋಗುಣಿಯೂ ಖಾಲಿ ಇರಲಿಲ್ಲ. ಮುಂಬಯಿಯ ಸಾಹುಕಾರರು ಮಾಲು ನೋಡಿ ಇನ್ನಷ್ಟು ಕಳಿಸಿ ಅಂದರು.

ಗೌಡರು ಆ ಬೆಳ್ಳಿ ಕೊಂಡಿಯನ್ನು ಶಾಂಘಾಯಿಯ ರೇಷ್ಮೆ ದಾರಕ್ಕೇ ಪೋಣಿಸಿ ಕಟ್ಟಿಕೊಂಡಿದ್ದರು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೂ ಹಾಗೆಯೇ ಇದ್ದರು. ಒಂದು ದಿನ ತಡೆಯಲಾಗದೆ ಕೇಳಿದೆ: "ಗೌಡ್ರೇ, ಬೆಳ್ಳೀದು ಮಾಡುಸ್ಕಳಲ್ವಾ?"

"ಅಕ್ಸಾಲಿ ಕೂಲಿ ಜಾಸ್ತಿ ಕೇಳ್ತಾನೆ" ಅಂದರು ಗೌಡರು, ಬೀಡಿ ಹಚ್ಚುತ್ತ. "ಎದ್ದು ಬಂದಿವ್ನಿ. ಕರೀತಾನೆ ಬುಡು."